ಮಡಚಿದ ಎಡಗಾಲು

ಇವತ್ತು ಬೆಳಿಗ್ಗೆ ಜಾಲಹಳ್ಳಿ ಕ್ರಾಸಿನ ಸಿಗ್ನಲ್ಲಿನಲ್ಲಿ ಸ್ಕೂಟರ್ ನಿಲ್ಲಿಸಿಕೊಂಡಿದ್ದಾಗ ಮುಂದಿನ ಲಾರಿಯಿಂದ ಕ್ಲಚ್ ಸುಟ್ಟ ವಾಸನೆ ಬಂತು. ಆ ವಾಸನೆ ನಿಮ್ಮ ಮೂಗಿಗೆ ಬಡಿದಿಲ್ಲದಿದ್ದರೆ ನಿಮ್ಮ ಪುಣ್ಯ. ಹಳೆಯ ರಬ್ಬರ್ ಚಪ್ಪಲಿಯನ್ನು ಒಲೆಗೆ ಹಾಕಿದ ಹಾಗಿರುತ್ತದೆ. ಹಿಂದಿನವರು ಹಾರನ್ ಹೊಡೆಯುವವರೆಗೂ ನಾನು ಹೊರಡಲಿಲ್ಲ. ಶಿವಪುತ್ರಪ್ಪ ನೆನಪಾಗಿದ್ದರು.

ಪೀಣ್ಯದಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ಶಿವಪುತ್ರಪ್ಪ ನಮ್ಮ ಲಾರಿಯ ಡ್ರೈವರ್ ಆಗಿದ್ದವರು. ಬಾಗಲಕೋಟೆ ಕಡೆಯವರು, ದಾಸರಹಳ್ಳಿಯಲ್ಲಿ ಬಾಡಿಗೆ ಕೋಣೆ. ಮೂರು ವರ್ಷದ ಹಿಂದೆ ಹೊಸ ಲಾರಿ ಕೊಂಡಾಗ ನನಗಿಂತ ಹೆಚ್ಚು ಹಿಗ್ಗಿದವರು ಅವರು. ಚಪ್ಪಲಿ ಬಿಟ್ಟೇ ಹತ್ತುತ್ತಿದ್ದರು. ನಾನು ಬೂಟು ಹಾಕಿಕೊಂಡು ಹತ್ತಿದರೆ ಏನೂ ಅನ್ನುತ್ತಿರಲಿಲ್ಲ. ನಾನು ಇಳಿದ ಮೇಲೆ ಬಟ್ಟೆ ತೆಗೆದುಕೊಂಡು ಒರೆಸುತ್ತಿದ್ದರು.

ಅವರದೊಂದು ಅಭ್ಯಾಸವಿತ್ತು. ದಾರಿ ಬಿಡುವಾಗಿ ಸಿಕ್ಕಿತೆಂದರೆ ಎಡಗಾಲನ್ನು ಮಡಚಿ ಸೀಟಿನ ಮೇಲಿಟ್ಟುಕೊಳ್ಳುತ್ತಿದ್ದರು, ಊಟದ ಪಂಕ್ತಿಯಲ್ಲಿ ಕೂತವರ ಹಾಗೆ. ಗೇರು ಬದಲಿಸುವಾಗ ಕ್ಲಚ್ ಒತ್ತಲು ಮಾತ್ರ ಕಾಲು ಕೆಳಗಿಳಿಯುತ್ತಿತ್ತು. ಚಂದಾಪುರಕ್ಕೆ ಮಾಲು ಕೊಡಲು ಜೊತೆಗೆ ಹೋದಾಗಲೆಲ್ಲ ನಾನು ಗೊಣಗುತ್ತಿದ್ದೆ.

"ಇದೇನು ನಿಮ್ಮನೆ ಜಗಲೀನಾ?"

"ಕಾಲಿಗೆ ಕೆಲಸ ಇಲ್ಲದಾಗ ಅದನ್ಯಾಕ ಅಲ್ಲಿ ಇಡಬೇಕ್ರಿ ಸರ?"

ನಾನು ಮಹಾ ಶಿಸ್ತಿನ ಮನುಷ್ಯನೆಂಬ ಭ್ರಮೆ ನನಗೆ.

ಐದನೇ ತಿಂಗಳಿಗೆ ಏರು ಹತ್ತುವಾಗ ಸುಟ್ಟ ವಾಸನೆ ಬರತೊಡಗಿತು. ಲಾರಿ ಕೊಂಡ ಕಡೆಯೇ ಸರ್ವೀಸಿಗೆ ಬಿಟ್ಟೆವು. ಏಸಿ ಕೋಣೆ, ನಿಂಬೆ ಟೀ, ಇಂಗ್ಲಿಷಿನ ರಿಪೋರ್ಟು. ಟೈ ಕಟ್ಟಿದ ಅಡ್ವೈಸರ್ ನನ್ನೊಬ್ಬನಿಗೇ ಕುರ್ಚಿ ತೋರಿಸಿದ.

"ಗಾಡೀದೇನೂ ತೊಂದ್ರೆ ಇಲ್ಲ ಸಾರ್. ನಿಮ್ ಡ್ರೈವರ್ ಯಾವಾಗ್ಲೂ ಎಡಗಾಲು ಕ್ಲಚ್ ಮೇಲೇ ಇಟ್ಕೊಂಡು ಓಡಿಸ್ತಾರೆ. ಪ್ಲೇಟ್ ಸುಟ್ಟೋಗಿದೆ. ವಾರಂಟೀಲಿ ಬರಲ್ಲ."

"ಬಿಚ್ಚಿ ನೋಡಿದ್ರಾ?"

"ಬಿಚ್ಚೋದೇನ್ ಬೇಡ ಸಾರ್, ಡೈಲಿ ನೋಡ್ತೀವಿ."

ಅಲ್ಲಿಗೆ ನನ್ನ ವಿಚಾರಣೆ ಮುಗಿಯಿತು.

ಬಾಗಿಲ ಬಳಿ ನಿಂತಿದ್ದ ಶಿವಪುತ್ರಪ್ಪ, "ನಾ ಅದರ ಮ್ಯಾಲ ಕಾಲ ಇಡಂಗಿಲ್ರಿ" ಎಂದು ನನ್ನ ಮುಖ ನೋಡಿದರು. ಆ ಮಡಚಿದ ಕಾಲನ್ನು ಕಣ್ಣಾರೆ ಕಂಡಿದ್ದವನು ನಾನೊಬ್ಬನೇ. ಹೇಳಲಿಲ್ಲ. ನಮ್ಮ ಡ್ರೈವರ್ ಅರ್ಧ ಚಕ್ಕಳಮಕ್ಕಳ ಹಾಕಿಕೊಂಡು ಲಾರಿ ಓಡಿಸುತ್ತಾರೆಂದು ಟೈ ಕಟ್ಟಿದವನ ಮುಂದೆ ಹೇಳಲು ನಾಚಿಕೆಯಾಯಿತು. ರಿಪೋರ್ಟಿಗೆ ಸಹಿ ಹಾಕಿ, ಹೊಸ ಪ್ಲೇಟಿನ ದುಡ್ಡು ಕಟ್ಟಿ, "ಇನ್ಮೇಲಾದ್ರೂ ನೋಡ್ಕೊಂಡು ಓಡಿಸಿ" ಎಂದೆ.

ತಿಂಗಳು ಮುಗಿದ ದಿನ ಅವರು ಕೀಲಿಯನ್ನು ನನ್ನ ಮೇಜಿನ ಮೇಲಿಟ್ಟರು. "ಗಾಡಿ ಕೆಡಿಸಿದ ಅಂತ ಇಪ್ಪತ್ತು ವರ್ಷದಾಗ ಯಾರೂ ಬರೆದಿದ್ದಿಲ್ರಿ ಸರ. ನೀವು ಸಹಿ ಹಾಕಿದ್ರಿ." ಮತ್ತೊಬ್ಬ ಸಿಗುತ್ತಾನೆ ಎಂದುಕೊಂಡೆ. ಸಿಕ್ಕಿದ, ಬೂಟು ಹಾಕುವವನು, ಎರಡೂ ಕಾಲು ಕೆಳಗಿಟ್ಟು ಕೂರುವವನು. ಮೂರೇ ತಿಂಗಳಿಗೆ ಅದೇ ವಾಸನೆ.

ಈ ಸಲ ನಾನು ಏಸಿ ಕೋಣೆಯಲ್ಲಿ ಕೂರಲಿಲ್ಲ. ನನ್ನ ಕಣ್ಣ ಮುಂದೆಯೇ ಬಿಚ್ಚಿ ಎಂದು ಹಠ ಹಿಡಿದೆ. ಎಂಜಿನ್ನಿನ ಹಿಂದಿನ ಸೀಲಿನಿಂದ ಎಣ್ಣೆ ಸೋರಿ ಕ್ಲಚ್ ಪ್ಲೇಟಿಗೆ ಬೀಳುತ್ತಿತ್ತು. "ಇದು ಮೊದ್ಲಿಂದಾನೂ ಇರೋದೇ ಸಾರ್. ಹೋದ್ಸಲ ಪ್ಲೇಟ್ ಮಾತ್ರ ಬದಲಾಯ್ಸಿ ಮುಚ್ಚಿದಾರೆ" ಎಂದರು ಹಿರಿಯ ಮೆಕ್ಯಾನಿಕ್, ದನಿ ತಗ್ಗಿಸಿ. ಅಡ್ವೈಸರ್ ನನಗೆ ಸಾರಿ ಹೇಳಿದ. ಅದನ್ನು ತಲುಪಿಸಬೇಕಾದವರಿಗೆ ತಲುಪಿಸುವ ಧೈರ್ಯ ನನಗೆ ಬರಲಿಲ್ಲ. ನಾಳೆ, ನಾಳೆ ಎಂದು ಎರಡು ವರ್ಷ ತಳ್ಳಿದೆ.

ಇವತ್ತು ಸಿಗ್ನಲ್ ದಾಟಿ, ಸ್ಕೂಟರ್ ಪಕ್ಕಕ್ಕೆ ಹಾಕಿ ಶಿವಪುತ್ರಪ್ಪನವರಿಗೆ ಫೋನ್ ಮಾಡಿದೆ.

"ಗಾಡಿ ಹೆಂಗೈತ್ರಿ ಸರ?" ಅವರ ಮೊದಲ ಮಾತೇ ಅದು.

ಎಣ್ಣೆಯ ಕತೆಯೆಲ್ಲ ಹೇಳಿದೆ. ನೀವು ಕಾಲು ಮಡಚಿ ಕೂರುತ್ತಿದ್ದದ್ದು ನನಗೆ ಗೊತ್ತಿತ್ತು, ಅವತ್ತೇ ಹೇಳಬೇಕಿತ್ತು, ತಪ್ಪಾಯಿತು ಎಂದೆ.

"ಎಣ್ಣೀದು ನನಗೂ ಗೊತ್ತಿರಲಿಲ್ರಿ. ನನ್ನ ಕಾಲ ನೀವು ನೋಡೀರಿ ಅನ್ನೂದು ಗೊತ್ತಿತ್ತು. ಅದಕ್ಕ ನಿಮ್ಮ ಮುಖ ನೋಡಿದ್ದೆ."

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಮಧ್ಯಾಹ್ನ ಲಾರಿ ಹೊರಟಾಗ ನಾನೂ ಹತ್ತಿದೆ, ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು. ಡ್ರೈವರ್ "ಯಾಕ್ ಸಾರ್?" ಎಂದ. ಶಿವಪುತ್ರಪ್ಪ ಎಂಬವರು ಈ ಲಾರಿಯನ್ನು ಹೇಗೆ ಓಡಿಸುತ್ತಿದ್ದರೆಂದು ಚಂದಾಪುರ ಬರುವವರೆಗೂ ಅವನಿಗೆ ಹೇಳಿದೆ.