ಬಡಿಯದ ತಮಟೆಯ ಸಾಕ್ಷಿ

ದೇವಯ್ಯನಿಗೆ ಚಾವಡಿಯ ಜಗಲಿ ಹತ್ತುವ ಹಕ್ಕಿರಲಿಲ್ಲ. ಊರಿನ ತೋಟಿಯಾಗಿದ್ದಾಗ ಕೆಳಗೇ ನಿಂತು, ಪಟೇಲ ಹೇಳಿದ್ದನ್ನು ಕೇಳಿಕೊಂಡು, ತಮಟೆ ಬಡಿದು ಸಾರುತ್ತಿದ್ದ.

ಈಗ ಹೊತ್ತು ಮೂಡುವ ಮುಂಚೆ ಅವನು ಚನ್ನರಾಯಪಟ್ಟಣದ ಆಸುಪಾಸಿನ ಕೇರಿಗಳಲ್ಲಿರುತ್ತಾನೆ. ಚಳಿಗೆ ಸಡಿಲಾದ ತಮಟೆಯನ್ನು ಹುಲ್ಲಿನ ಉರಿಗೆ ಹಿಡಿದು ಕಾಯಿಸುತ್ತಾನೆ. ಎರಡು ಪೆಟ್ಟು, ಆಮೇಲೆ ಕೂಗು: "ಚಲುವಯ್ಯೋ, ಇವತ್ತು ಕೋರ್ಟು ಕಣ್ಲಾ! ಹೆಂಡ್ರು ಪಕ್ಕ ಬೆಚ್ಗೆ ಮಲ್ಕಂಡ್ಬುಟ್ಟೀಯ!"

ಈ ಕೆಲಸಕ್ಕೆ ಅವನನ್ನು ಯಾರೂ ನೇಮಿಸಿಲ್ಲ. "ವಾಯಿದೆ ತಪ್ಪುದ್ರೆ ಏನಾಯ್ತದೆ ಅಂತ ಕಣ್ಣಾರೆ ಕಂಡಿವ್ನಿ ಸಾ," ಎನ್ನುತ್ತಾನೆ ಕೇಳಿದವರಿಗೆ.

ಕಂಡದ್ದು ಐವತ್ತೊಂಬತ್ತನೇ ಇಸವಿಯಲ್ಲಿ. ಅವನ ಕೇರಿಯ ಹದಿನಾಲ್ಕರ ಹುಡುಗಿ ಮುದ್ದಮ್ಮ ತೋಟದಲ್ಲಿ ಬಿದ್ದಿದ್ದ ತೆಂಗಿನ ಗರಿ ಎತ್ತಿಕೊಂಡಳೆಂದು ಕಳವಿನ ಕೇಸಾಯಿತು. ತೋಟ ಪಟೇಲ ನಂಜಪ್ಪನದು. ತಾಯಿ ಪಾರ್ವತಮ್ಮ ಜಾಮೀನು ನಿಂತಳು. ಕೋರ್ಟು ವಾಯಿದೆಯನ್ನು ಒಂದು ವಾರ ಮುಂಚೆಗೆ ಬದಲಿಸಿ, ಕೇರಿಯಲ್ಲಿ ಸಾರಿಸುವಂತೆ ಪಟೇಲನಿಗೇ ಬರೆಯಿತು. ನಂಜಪ್ಪ ಸಾರಿಸದೆಯೇ ಸಾರಿಸಿದೆನೆಂದು ಉತ್ತರ ಕಳಿಸಿದ. ಹುಡುಗಿ ಹೋಗಲಿಲ್ಲ. ವಾರಂಟು ಹೊರಟಿತು. ಪೊಲೀಸರು ಅವಳನ್ನು ರಾಗಿ ಹೊಲದಿಂದಲೇ ಕರೆದೊಯ್ದರು. ಜಾಮೀನು ರದ್ದಾದರೆ ಕೇಸು ಮುಗಿಯುವ ತನಕ ಅವಳು ತಾಯಿಯನ್ನು ಬಿಟ್ಟು ಸರ್ಕಾರದ ವಶದಲ್ಲಿರಬೇಕು.

ಪಾರ್ವತಮ್ಮ ಅಳುತ್ತಾ ಬಂದಳು. ದೇವಯ್ಯ ತಮಟೆಯನ್ನು ಹೆಗಲಿಗೆ ಹಾಕಿಕೊಂಡು ಕೋರ್ಟಿಗೆ ನಡೆದ.

"ನೀನು ನೋಟೀಸು ಸಾರಿದೆಯಾ?" ನ್ಯಾಯಾಧೀಶರು ಕೇಳಿದರು.

"ಇಲ್ಲ ಸಾ. ನಮ್ಮೂರಲ್ಲಿ ಇರಾದು ಇದೊಂದೇ ತಮಟೆ. ಬಡಿಯಾ ಕೈಯೂ ನಂದೊಂದೇ."

"ಲೇ ದೇವ, ಗ್ಯಾಪ್ನ ಮಾಡ್ಕಳ್ಲಾ," ಅಲ್ಲೇ ನಿಂತಿದ್ದ ನಂಜಪ್ಪ ಹಲ್ಲು ಕಡಿದ. "ನಾಳೆ ಊರಿಗೆ ಬರ್ಬೇಕು ನೀನು."

"ಬತ್ತೀನಿ ಬುದ್ಧಿ. ನಾನು ತಮಟೆ ಬಡುದ್ರೆ ನಾಯಿಗೊಳು ಊರು ಎಗರೋಗಂಗೆ ಬೊಗುಳ್ತವೆ. ನೀವು ಸಾರ್ಸಿವ್ನಿ ಅಂದ ದಿನ ಕೇರೀಲಿ ಒಂದು ನಾಯೂ ಬಾಯ್ ಬುಡ್ಲಿಲ್ಲ."

ಕೋರ್ಟು ನಕ್ಕಿತು. ನಂಜಪ್ಪ ತಲೆ ತಗ್ಗಿಸಿದ. ನ್ಯಾಯಾಧೀಶರು ವಾರಂಟು ರದ್ದು ಮಾಡಿ, ಹಳೆಯ ಜಾಮೀನಿನ ಮೇಲೆಯೇ ಹುಡುಗಿಯನ್ನು ತಾಯಿಗೆ ಒಪ್ಪಿಸಿದರು. ಮುಂದೆ ಕಳವಿನ ಕೇಸೂ ನಿಲ್ಲಲಿಲ್ಲ.

ಅಂದು ಸಂಜೆ ಮೂವರೂ ಊರ ನಡುಬೀದಿಯಲ್ಲೇ ನಡೆದು ಬಂದರು. ಚಾವಡಿಯ ಮುಂದೆ ದೇವಯ್ಯ ನಿಂತ. ತೋಟಿಯಾಗಿ ಯಾರೂ ಹೇಳಿಕೊಡದೆ ಅವನು ಸಾರಿದ್ದು ಅದೊಂದೇ:

"ಕೇಳ್ರಪ್ಪೋ! ಮುದ್ದಮ್ಮನ ವಾರಂಟು ವಜಾ ಆಯ್ತು!"

ಆ ತಿಂಗಳು ಅವನ ತೋಟಿ ಕೆಲಸ ಹೋಯಿತು. ಅದಕ್ಕೆಂದು ಬಿಟ್ಟಿದ್ದ ಹತ್ತು ಗುಂಟೆ ಹೊಲ ಹೋಯಿತು. ಸುಗ್ಗಿಯಲ್ಲಿ ಮನೆಮನೆಯಿಂದ ಬರುತ್ತಿದ್ದ ರಾಗಿ ನಿಂತಿತು. ಹೋದದ್ದು ಈ ಮೂರು; ತಮಟೆ ಅವನ ಹೆಗಲಲ್ಲೇ ಉಳಿಯಿತು.