ನರೆಗೂದಲ ರಾಣಿಯ ದಂಡಯಾತ್ರೆ

ಕುಂದಾಪುರದ ಮಾರುಕಟ್ಟೆಯಲ್ಲಿ ಮೀನು ಮಾರುವ ಸುಗುಣ, ಏಳು ದ್ವೀಪಗಳನ್ನಾಳುವ ರಾಣಿಯೊಬ್ಬಳ ಕಥೆ ಬರೆದು ಪುಸ್ತಕವಾಗಿ ತಂದಾಗ ಊರೇ ಬೆರಗಾಗಿತ್ತು. ಎರಡನೇ ಸಂಪುಟದ ಹೊತ್ತಿಗೆ ಆ ರಾಣಿಗೆ ವಯಸ್ಸಾಗಿತ್ತು, ತಲೆ ನರೆತಿತ್ತು. ಆದರೂ ಕಡಲ ರಾಕ್ಷಸರ ಮೇಲೆ ಅವಳೇ ದಂಡೆತ್ತಿ ಹೊರಟಿದ್ದಳು.

ಹಸ್ತಪ್ರತಿ ಓದಿದ ಪ್ರಕಾಶಕರು ಫೋನು ಮಾಡಿದರು. "ಮುದುಕಿಯ ಯುದ್ಧ ಯಾರು ಓದ್ತಾರಮ್ಮ? ರಾಣಿಯ ಮಗನಿಗೆ ಪಟ್ಟ ಕಟ್ಟಿ, ಅವನೇ ಹೋರಾಡಲಿ."

ಸುಗುಣಳ ಮೈ ಉರಿಯಿತು. ಗಂಡ ಸತ್ತ ಮೇಲೆ ಅವಳಿಗೂ ಜನ ಇದನ್ನೇ ಹೇಳಿದ್ದರು: ಮಗ ದುಡಿಯುತ್ತಾನೆ, ನೀನು ಮನೆಯಲ್ಲಿ ಕೂತಿರು.

"ಹ್ವಾಯ್, ನಂಗೆ ಅರ್ವತ್ ಆಯ್ತ್. ನಾನಿನ್ನೂ ಮೀನ್ ಹೆಡ್ಗಿ ಹೊರ್ತೆ. ನನ್ ರಾಣಿಗೆ ಕತ್ತಿ ಹಿಡುಕೆ ಆತಿಲ್ಯಾ? ಒಂದ್ ಅಕ್ಷರನೂ ಬದ್ಲ್ ಮಾಡುದಿಲ್ಲೆ."

"ಹಾಗಾದರೆ ನಾವು ಅಚ್ಚು ಹಾಕೋದಿಲ್ಲ."

"ಬ್ಯಾಡ, ಬಿಡಿ."

ಊರಿನ ಪ್ರೆಸ್ಸಿನಲ್ಲಿ ಅವಳೇ ಅಚ್ಚು ಹಾಕಿಸಿದಳು. ಮುಖಪುಟದ ತುಂಬ ಬಿಳಿಗೂದಲಿನ ರಾಣಿಯೇ ನಿಂತಿದ್ದಳು. ಬಂಗುಡೆ ಬುಟ್ಟಿಯ ಪಕ್ಕ ಪುಸ್ತಕಗಳನ್ನು ಪೇರಿಸಿಟ್ಟ ದಿನ, ಆಚೆ ಸಿಗಡಿ ಮಾರುವ ಪದ್ದಕ್ಕ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು, ಮೊದಲ ಪ್ರತಿ ಎತ್ತಿ ಅಲ್ಲೇ ಓದುತ್ತ ಕೂತಳು. ಗಿರಾಕಿಯೊಬ್ಬ ಕರೆದರೂ ತಲೆಯೆತ್ತಲಿಲ್ಲ.

"ಚೂರ್ ನಿಲ್ಲಿ ಮಾರ್ರೆ," ಎಂದಳು. "ರಾಣಿ ಈಗಷ್ಟೇ ದೋಣಿ ಹತ್ತಿದ್ಲ್."