ಮತ್ತೊಮ್ಮೆ ಗೆದ್ದರೆ ಕಟ್ಟುವ ಹೈಸ್ಕೂಲು

ನಿಡಗುಂದಿಯ ಬಸ್ ನಿಲ್ದಾಣದ ಹಿಂದಿನ ಪ್ರೆಸ್ಸೊಂದರಲ್ಲಿ ಟೈಪು ಮಾಡುವವನು ನಾನು. ಲಗ್ನಪತ್ರಿಕೆ, ಶ್ರದ್ಧಾಂಜಲಿ, ಚುನಾವಣೆ ಬಂದರೆ ಕರಪತ್ರ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ಎಲ್ಲ ಕಡೆಯ ಪುಢಾರಿಗಳೂ ಬರುತ್ತಾರೆ. ನಾನು ಹೇಳಹೊರಟ ನಾಯಕರು ಯಾವ ತಾಲೂಕಿನವರು ಅಂತ ಮಾತ್ರ ಹೇಳುವುದಿಲ್ಲ. ಹೇಳಿದರೂ ಏನೂ ಫರಕಾಗುವುದಿಲ್ಲ.

ಅವರು ಒಮ್ಮೆ ಗೆದ್ದು ಎರಡನೆಯ ಸಲ ನಿಂತಿದ್ದರು. ಮತ್ತೊಮ್ಮೆ ಗೆಲ್ಲಿಸಿದರೆ ಏನೇನು ಮಾಡುತ್ತಾರೆ ಎನ್ನುವ ಪಟ್ಟಿ ಆಗಬೇಕು ಅಂತ ಅವರ ಕಡೆಯ ಮನುಷ್ಯ ಬಂದು ಕೂತ. ನಮ್ಮಲ್ಲಿ ಇದಕ್ಕೊಂದು ಪದ್ಧತಿಯಿದೆ. ಹೊಸದಾಗಿ ಯಾರೂ ಬರೆಯುವುದಿಲ್ಲ. ಹಿಂದಿನ ಸಲದ ಫೈಲು ತೆಗೆದು, ಫೋಟೋ ಬದಲಿಸಿ, ಇಸವಿ ತಿದ್ದಿದರೆ ಮುಗಿಯಿತು. ಕುಡಿಯುವ ನೀರು, ಕಾಲುವೆ, ರಸ್ತೆ, ಎಲ್ಲ ಹಾಗೇ ಇದ್ದವು. ಮಾಡಿದ್ದರೆ ತಾನೇ ಅಳಿಸಬೇಕಾದದ್ದು!

ಆ ದಿನ ನನ್ನ ಕೈ ಸುಮ್ಮನಿರಲಿಲ್ಲ. ಅವರ ಕ್ಷೇತ್ರಕ್ಕೇ ಸೇರಿದ ನನ್ನ ಅಕ್ಕನ ಊರಿನಲ್ಲಿ ಶಾಲೆ ಏಳನೆಯ ತರಗತಿಗೇ ಮುಗಿಯುತ್ತದೆ. ಹೈಸ್ಕೂಲು ದೂರ, ಬಸ್ಸು ಬಂದರೆ ಬಂತು. ಹುಡುಗಿಯರ ಓದು ಅಲ್ಲಿಗೇ ನಿಲ್ಲುತ್ತದೆ. ಅಕ್ಕನ ಮಗಳು ಆ ವರ್ಷವೇ ಏಳನೆಯದನ್ನು ಮುಗಿಸಿದ್ದಳು. ನಾನು ಒಯ್ದ ರದ್ದಿ ಕಾಗದವನ್ನೂ ಬಿಡದೆ ಓದಿ, ನನ್ನ ಟೈಪಿನ ತಪ್ಪು ಹುಡುಕಿ ನಗುವ ಹುಡುಗಿ. ಯಾರನ್ನೂ ಕೇಳದೆ ಪಟ್ಟಿಯ ಕೊನೆಗೆ ಆ ಊರಿನ ಹೆಸರು ಬರೆದು, ಈ ವರ್ಷವೇ ಹೈಸ್ಕೂಲು ಅಂತ ಸೇರಿಸಿದೆ. ಆ ಮನುಷ್ಯ ಪ್ರೂಫು ನೋಡಿ ನಕ್ಕ.

"ಇರ್ಲಿ ಬಿಡೋ. ಬರದ್ರ ನಮ್ಮಪ್ಪನ ಗಂಟೇನ ಹೋಗತೈತಿ?"

ಕರಪತ್ರ ಊರೂರಿಗೆ ಹೋಯಿತು. ನಾಯಕರು ಅಕ್ಕನ ಊರಿನ ಕಟ್ಟೆಯ ಮೇಲೆ ನಿಂತು ಅದನ್ನೇ ಗಟ್ಟಿಯಾಗಿ ಓದಿದರಂತೆ, ಜನ ಚಪ್ಪಾಳೆ ಹೊಡೆದರಂತೆ. ಅದನ್ನು ಕೇಳಿ, ನಾಚಿಕೆಗೇಡು, ನಾನೇ ಬರೆದದ್ದನ್ನು ನಾನೇ ನಂಬಿಬಿಟ್ಟೆ. ಅಷ್ಟು ಮಂದಿಯ ಮುಂದೆ ಆಡಿದ ಮಾತಲ್ಲವೇ ಅಂದುಕೊಂಡೆ.

ಅವರು ಗೆದ್ದರು. ಜೂನ್ ತಿಂಗಳಲ್ಲಿ ಅಕ್ಕನ ಫೋನು ಬಂತು. ತಾಲೂಕಿನ ಹಾಸ್ಟೆಲ್ಲಿನಲ್ಲಿ ಹುಡುಗಿಗೆ ಸೀಟು ಸಿಕ್ಕಿದೆ, ಆದರೆ ಊರಲ್ಲೇ ಹೈಸ್ಕೂಲು ಬರುವಾಗ ಹೊರಗೆ ಯಾಕೆ ಇಡಬೇಕು ಅಂತ ಭಾವ ತಕರಾರು ತೆಗೆದಿದ್ದಾನೆ, ನೀನೇನು ಹೇಳುತ್ತೀ ಅಂತ ಕೇಳಿದಳು. ಆಗಲಾದರೂ ನಿಜ ಹೇಳಬೇಕಿತ್ತು. ನಾನು, ತಡೀರಿ, ಬರತೈತಿ ಅಂದೆ. ನನ್ನ ನಾಲಿಗೆಗೆ ಹುಳ ಬೀಳಲಿ.

ಶಾಲೆ ಬರಲಿಲ್ಲ. ಹಾಸ್ಟೆಲ್ಲಿನ ಸೀಟು ಬೇರೆಯವರಿಗೆ ಹೋಯಿತು. ಮರುವರ್ಷ ಅಕ್ಕ ಮತ್ತೆ ಅರ್ಜಿಯ ಮಾತೆತ್ತಿದಾಗ, ಒಂದು ವರ್ಷ ಮನೆಯಲ್ಲಿ ಕೂತವಳು ಇನ್ನೇನು ಓದುತ್ತಾಳೆ ಅಂತ ಭಾವ ಮಾತು ಮುಗಿಸಿದ. ನಾಯಕರ ಮನೆಗೆ ಮೂರು ಸಲ ಹೋದೆ. ಮೂರನೆಯ ಸಲ ಗೇಟಿನವನು ಒಳಗೇ ಬಿಡಲಿಲ್ಲ.

ಹೋದ ತಿಂಗಳು ಅಕ್ಕನ ಊರಿಗೆ ಹೋಗಿದ್ದೆ. ಹುಡುಗಿ ಹತ್ತಿ ಬಿಡಿಸಲು ಹೋಗಿ ಬಂದು, ಉಗುರಿನ ಸಂದಿಯ ಗಾಯ ತೊಳೆದುಕೊಳ್ಳುತ್ತಿದ್ದಳು. ಓದಲಿಕ್ಕೆ ಕಾಗದ ತಂದಿಲ್ಲವೇ ಅಂತ ಅವಳು ಕೇಳಲಿಲ್ಲ. ಹೈಸ್ಕೂಲಿನ ಮಾತು ಬರೆದದ್ದು ನಾಯಕರಲ್ಲ, ನಾನು ಅಂತ ಇಂದು ಹೇಳಿಯೇ ಬಿಡಬೇಕು ಅಂದುಕೊಂಡೆ. ಹತ್ತಿರ ಹೋಗಿ ಕೂತೆ. ಬಾಯಿ ತೆರೆಯುವುದರೊಳಗೆ ಅವಳೇ ಮಾತಾಡಿದಳು.

"ಮಾಮಾ, ಮುಂದಿನ ಚುನಾವಣಿ ಹೊತ್ತಿಗೆ ತಂಗೀದು ಏಳನೇತ್ತ ಮುಗೀತೈತಿ. ನಮ್ಮೂರ ಸಾಲೀದು ಕರಪತ್ರದಾಗ ಮತ್ತ ಹಾಕಾಕ ಅವರಿಗೆ ನೀ ಹೇಳ್ತೀಯಿಲ್ಲೊ?"

ಹೂಂ ಅಂದೆ.